ಬೇಕರಿ ಶೋಕೇಸಿನ ಬೀಗತಿ

ನಮ್ಮತ್ತೆಗೂ ಒಂದು ಹಾವಿಗೂ ಉಪವಾಸದ ಪಂದ್ಯ ಬಿದ್ದರೆ ಗೆಲ್ಲುವವರು ಯಾರು ಎಂದು ಯಾರಾದರೂ ಮೊದಲೇ ಕೇಳಿದ್ದರೆ, ಕಣ್ಣು ಮುಚ್ಚಿಕೊಂಡು ಅತ್ತೆ ಎಂದುಬಿಡುತ್ತಿದ್ದೆ. ಹಟದಲ್ಲಿ ಆಕೆಯನ್ನು ಮೀರಿಸಿದವರನ್ನು ನಾನು ಕೊಟ್ಟೂರಿನಲ್ಲಿ ಕಂಡಿಲ್ಲ. ಕೂಡ್ಲಿಗಿಯಲ್ಲಿ ಆಕೆಯ ತಂಗಿಯೊಬ್ಬಳಿದ್ದಾಳೆ, ಅದು ಬೇರೆ ಮಾತು. ಆದರೆ ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯ ಹಾವು, ಮನಸ್ಸು ಬಾರದಿದ್ದರೆ, ತಿಂಗಳುಗಟ್ಟಲೆ ಏನೂ ತಿನ್ನದೆ ಆರಾಮಾಗಿ ಇದ್ದುಬಿಡಬಲ್ಲದು. ಅತ್ತೆಗೋ ಸಕ್ಕರೆ ಕಾಯಿಲೆ. ಪಂದ್ಯ ಸಮಸಮದ್ದಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಇಬ್ಬರೂ ಅಖಾಡಕ್ಕೆ ಇಳಿದಾಗಿತ್ತು.

ನಮ್ಮದು ಹಿಟ್ಟಿನ ಗಿರಣಿ. ಮಾವ ಹಾಕಿದ್ದು, ಅವರು ಹೋದ ಮೇಲೆ ಅತ್ತೆ ನಡೆಸಿದ್ದು, ಈಗ ನನ್ನ ಕೈಗೆ ಬಂದಿದೆ. ಯಂತ್ರ ದೊಡ್ಡ ರಸ್ತೆಯ ಮಳಿಗೆಗೆ ಹೋಗಿ ಎಷ್ಟೋ ವರ್ಷವಾಯಿತು. ಮನೆಯ ಹಿಂದಿನ ಹಳೆಯ ಗಿರಣಿ ಕೋಣೆ ಖಾಲಿ ಬಿದ್ದಿದೆ. ದಪ್ಪ ಕಲ್ಲಿನ ಗೋಡೆ, ಒಂದೇ ಒಂದು ಗವಾಕ್ಷಿ, ಎಷ್ಟು ಗುಡಿಸಿದರೂ ಬಿಡದ ಜೋಳದ ಹಿಟ್ಟಿನ ವಾಸನೆ.

ಆ ಕೋಣೆಯ ಮೇಲೆ ನನಗೊಂದು ಗುಟ್ಟಿನ ಪ್ರೀತಿ. ಕೋಗಳಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಪಡಸಾಲೆಯಲ್ಲಿ ಎಲ್ಲರೆದುರು ಕೂತು ಉಣ್ಣುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಹೊಸ ಸೊಸೆ ಎಷ್ಟು ಉಣ್ಣುತ್ತಾಳೆ, ಹೇಗೆ ಉಣ್ಣುತ್ತಾಳೆ ಎಂದು ನೋಡಲು ಓಣಿಯ ಹೆಂಗಸರು ಸಾಲಾಗಿ ಬಂದು ಕೂರುತ್ತಿದ್ದರು. ಅತ್ತೆ ಪಕ್ಕದಲ್ಲೇ ನಿಂತು, "ಇನ್ನೊಂದ್ ಹಾಕ್ಕೊ, ಹೋಗ್ಲಿ ಇನ್ನರ್ಧ ಹಾಕ್ಕೊ" ಎಂದು ತಾಟಿಗೆ ರೊಟ್ಟಿ ಒಗೆಯುತ್ತಿದ್ದಳು. ನಾನು ಎರಡು ತುತ್ತು ನುಂಗಿ ಕೈ ತೊಳೆದುಬಿಡುತ್ತಿದ್ದೆ. ಆಮೇಲೆ ಮಧ್ಯಾಹ್ನ ಕರೆಂಟು ಹೋಗಿ, ಆಗಿನ್ನೂ ಅಲ್ಲೇ ಇದ್ದ ಗಿರಣಿ ನಿಂತಾಗ ಸದ್ದಿಲ್ಲದೆ ಆ ಕೋಣೆಗೆ ನುಗ್ಗಿ, ಗೋಡೆಯ ಗೂಡಿನಲ್ಲಿದ್ದ ಅಲ್ಯೂಮಿನಿಯಂ ಡಬ್ಬಿ ತೆಗೆದು ಮಾವನ ಬುತ್ತಿ ಕದ್ದು ತಿನ್ನುತ್ತಿದ್ದೆ. ಮೆತ್ತನೆಯ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ. ಅಬ್ಬಾ, ಕದ್ದ ರೊಟ್ಟಿಯ ರುಚಿಯೇ! ಒಂದು ದಿನವೂ ಸಿಕ್ಕಿಬೀಳಲಿಲ್ಲ. ಪಾಪ, ಮಾವನೂ ಬುತ್ತಿ ಏನಾಯಿತೆಂದು ಒಂದು ಮಾತು ಕೇಳಲಿಲ್ಲ. ನನ್ನ ಕೈಚಳಕದ ಬಗ್ಗೆ ಮೊನ್ನೆ ಮೊನ್ನೆಯವರೆಗೂ ನನಗೆ ಭಾರೀ ಹೆಮ್ಮೆಯಿತ್ತು.

ಹಾವಿನ ಮೇಲೆ ನನಗೆ ಚಿಕ್ಕಂದಿನಿಂದಲೂ ಕಣ್ಣು. ಗಿರಣಿಯವರಿಗೆ ಇಲಿಗಿಂತ ದೊಡ್ಡ ವೈರಿ ಇಲ್ಲ, ಇಲಿಯ ವೈರಿ ಯಾರು ಮತ್ತೆ? ಹಾಗಂತ ಹೊಲದ ಕೇರೆಹಾವನ್ನು ತಂದು ಸಾಕುವಂತಿಲ್ಲ, ನಮ್ಮ ನಾಡಿನ ಹಾವನ್ನು ಹಿಡಿದಿಟ್ಟರೆ ಅಪರಾಧ. ನನ್ನ ಗಂಡನಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಅಲ್ಲಿಗೆ ಬರುವ ಹೊಸಪೇಟೆಯ ಗಿರಾಕಿಯೊಬ್ಬರು ಆಫ್ರಿಕಾದ ಈ ಹಾವನ್ನು ಸಾಕಿದ್ದರು. ಅವರ ಹೆಂಡತಿ ಬಾಣಂತನಕ್ಕೆ ತವರಿಗೆ ಹೊರಟವಳು, "ನಾ ಕೂಸಿನ ಕರ್ಕೊಂಡು ಬರೂದ್ರಾಗ ಅದು ಮನ್ಯಾಗ ಇರಬಾರ್ದು" ಎಂದು ಹೇಳಿ ಹೋಗಿದ್ದಳಂತೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಾನು ಹೊಸಪೇಟೆಗೆ ಹಾಜರು. ಸಾಕಲು ಬೇಕಾದ ಸರ್ಕಾರಿ ನೋಂದಣಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡು, ಗಾಳಿತೂತಿನ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಭಾಳ ಜ್ವಾಕಿ ಮಾಡಾಕತ್ತೀರಿ, ಏನೈತ್ರಿ ಅದ್ರಾಗ?" ಎಂದಳು. "ಹೆಬ್ಬಾವು ಐತ್ರಿ" ಎಂದೆ. "ಏನ್ ಚಾಷ್ಟಿ ಮಾಡ್ತೀರವಾ ನೀವು" ಎಂದು ನಕ್ಕು ನನ್ನ ಭುಜಕ್ಕೆ ತಲೆಯಿಟ್ಟು ಊರು ಬರುವವರೆಗೂ ನಿದ್ದೆ ಮಾಡಿದಳು.

ಮನೆಯಲ್ಲಿ ಅತ್ತೆ ಹೊಸ್ತಿಲಲ್ಲೇ ತಡೆದು ವಿಚಾರಣೆ ಶುರುಮಾಡಿದಳು.

"ವಿಷ ಐತೇನು?"

"ಇಲ್ರಿ."

"ಸಿಟ್ಟು ಬಂದ್ರ ಏನ್ ಮಾಡ್ತೈತಿ?"

"ಹೆದರಿದ್ರ ಉಂಡಿಯಂಗ ಸುತ್ಕೊಂಡು ತಲಿ ಒಳಗ ಇಟ್ಕೊಂತೈತ್ರಿ."

"ನಿನ್ನ ಗಂಡನಂಗ ಅನ್ನು. ಯಾವ ಕಡೀದು?"

"ಆಫ್ರಿಕಾದ್ದು."

"ಅಲ್ಲಿ ಏನ್ ಬೆಳೀತಾರ?"

"ಜ್ವಾಳ ಬೆಳೀತಾರ್ರಿ."

"ಹಂಗಾರ ಜ್ವಾಳದ ಸೀಮಿಯಾಕಿ. ಬೀಗತಿ ಆದ್ಲು ಬಿಡು, ಒಳಗ ಕರ್ಕೊಂಡು ಬಾ."

ಶಿವನ ಕೊರಳಲ್ಲಿ ಇರುವಂಥದ್ದನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವುದು ಆಕೆಯಿಂದ ಆಗದ ಮಾತು ಎಂದು ನನಗೆ ಮೊದಲೇ ಗೊತ್ತಿತ್ತು. ಆದರೆ ಅದರ ಊಟವೇನು ಎಂಬ ಪ್ರಶ್ನೆ ಬಂದಾಗ ನಾನು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ. ನಮ್ಮದು ಮೊಟ್ಟೆಯೂ ಕಾಣದ ಮನೆ. "ಇಲಿ" ಎಂದೆ. ಅತ್ತೆ ವಿಭೂತಿಯ ಹಣೆಯನ್ನು ಗಂಟಿಕ್ಕಿ, "ಆಕಿ ಊಟ ಆಕಿದು, ನಮ್ಮ ಊಟ ನಮ್ದು. ಅಡಿಗಿಮನಿ ಹೊಸ್ತಿಲ ಮಾತ್ರ ದಾಟಬಾರ್ದು ನೋಡು" ಎಂದಳು. ಅಲ್ಲಿಗೆ ಗಂಡನ ಅಂಗಡಿಯಲ್ಲಿದ್ದ ಹಳೆಯ ಸಣ್ಣ ಫ್ರಿಜ್ಜು ಗಿರಣಿ ಕೋಣೆಗೆ ಬಂತು, ಹೆಪ್ಪುಗಟ್ಟಿಸಿದ ಇಲಿಗಳು ಅದರೊಳಗೆ ಸೇರಿದವು. ಗಂಡ ಫ್ರಿಜ್ಜು ಇಳಿಸಿದವನೇ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದ.

ಹಾವಿಗೆ ಮನೆಯನ್ನು ನಾನೇ ಮಾಡಿದೆ, ಪ್ರೀತಿಯಿಂದ ಮಾಡಿದೆ. ಗಿರಣಿ ಕೋಣೆಯ ಮೂಲೆಯಲ್ಲಿ ಒಂದು ಉದ್ದನೆಯ, ಮಬ್ಬು ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಬದಿಗಳಲ್ಲಿ ಗಾಳಿಗೆ ತೂತು, ಮುಚ್ಚಳಕ್ಕೆ ಗಟ್ಟಿ ಚಿಲಕ. ಹಾವು ಮೂಗಿನಿಂದ ಒತ್ತಿ ಒತ್ತಿ ಸಂದು ಹುಡುಕುವ ಪ್ರಾಣಿ, ಮುಚ್ಚಳ ಸಡಿಲ ಬಿಟ್ಟರೆ ಆಮೇಲೆ ಓಣಿಯೆಲ್ಲ ಹುಡುಕಬೇಕು. ತಳಕ್ಕೆ ತೇವ ಹಿಡಿಯುವ ತೆಂಗಿನ ನಾರಿನ ಪುಡಿ. ಒಂದು ತುದಿಯ ಕೆಳಗೆ ಬಿಸಿ ಚಾಪೆ. ಕಾವು ಮಿತಿಮೀರದಂತೆ ತಾನೇ ಕರೆಂಟು ಕಡಿಯುವ ಥರ್ಮೋಸ್ಟಾಟನ್ನು ಗಂಡ ಬಾಗಿಲಾಚೆ ನಿಂತೇ ಜೋಡಿಸಿಕೊಟ್ಟ. ಇನ್ನೊಂದು ತುದಿ ತಂಪು. ಬೇಕೆಂದಾಗ ಬಿಸಿಗೆ, ಸಾಕೆಂದಾಗ ತಂಪಿಗೆ ಅದು ತಾನೇ ಸರಿದಾಡಬೇಕು. ಎರಡೂ ಕಡೆ ಒಂದೊಂದು ಬಾಯಿ ಒಡೆದ ಗಡಿಗೆಯನ್ನು ಬೋರಲು ಹಾಕಿದೆ. ಗಡಿಗೆ ಇಕ್ಕಟ್ಟಾಗಿರಬೇಕು, ಮೈ ನಾಲ್ಕೂ ಕಡೆ ತಾಗಬೇಕು, ಆಗಲೇ ಆ ಜೀವಕ್ಕೆ ಧೈರ್ಯ. ಮೈ ಮುಳುಗುವಷ್ಟು ದೊಡ್ಡ ನೀರಿನ ಬೋಗುಣಿ. ಹೊಸ ಜಾಗಕ್ಕೆ ಬಂದ ಮೇಲೆ ಒಂದು ವಾರ ಮುಟ್ಟಬಾರದು, ಎತ್ತಬಾರದು, ಇಣುಕಲೂಬಾರದು ಎಂದು ಹೊಸಪೇಟೆಯವರು ಹೇಳಿ ಕಳಿಸಿದ್ದರು. ನಾನು ಇಣುಕಲಿಲ್ಲ. ಸರಿ, ಒಂದೆರಡು ಸಲ ಇಣುಕಿದೆ.

ಆ ವಾರ ಮುಗಿಯುವ ಮೊದಲೇ ಒಂದು ದಿನ ಗಿರಣಿಯಿಂದ ಮನೆಗೆ ಬರುತ್ತೇನೆ, ಪಡಸಾಲೆಯ ನಟ್ಟನಡುವೆ ಬೇಕರಿಯ ಶೋಕೇಸು ನಿಂತಿದೆ! ಕೂಡ್ಲಿಗಿಯಲ್ಲಿ ಬಾಗಿಲು ಹಾಕಿದ ಬೇಕರಿಯದು. ಅತ್ತೆಯ ತಂಗಿ ಟೆಂಪೋದಲ್ಲಿ ಹೇರಿ ಕಳಿಸಿದ್ದಳು. ಮುಂದೆ ಗಾಜು, ಹಿಂದೆ ಗಾಜು, ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಝಗಝಗಿಸುವ ದೀಪ. ಗಾಜಿನ ಮೇಲೆ "ತಾಜಾ ಖಾರಾ ಬನ್" ಎಂದು ಬರೆದ ಚೀಟಿ ಇನ್ನೂ ಅಂಟಿಕೊಂಡೇ ಇದೆ. ಆ ಚೀಟಿಯ ಹಿಂದೆ ನನ್ನ ಹಾವು ಬಿಗಿಯಾಗಿ ಉಂಡೆ ಸುತ್ತಿಕೊಂಡು ಕೂತಿತ್ತು. ಅತ್ತೆ ಪೆಟ್ಟಿಗೆಯಿಂದ ಅದನ್ನು ಮೊರಕ್ಕೆ ಸುರಿದುಕೊಂಡು, ಜೋಳ ಒಯ್ದಷ್ಟು ಸಲೀಸಾಗಿ ತಂದು ಕೂರಿಸಿದ್ದಳು. ಗಡಿಗೆಗಳು ಹಿತ್ತಿಲಿಗೆ ಹೋಗಿದ್ದವು.

"ಅತ್ತೀ! ಏನ್ರಿ ಇದು?"

"ಮತ್ತೇನ? ಬೀಗತಿನ್ನ ಕತ್ಲಕೋಣ್ಯಾಗ ಇಟ್ಟು ಒಡಕ ಗಡಿಗಿ ಕೊಡ್ತಾರೇನು? ಮಂದಿ ಮಕಕ್ಕ ಉಗುಳ್ತಾರ. ಮನಿಗೆ ಬಂದಾರನ್ನ ಪಡಸಾಲ್ಯಾಗ ಕುಂದ್ರಿಸಬೇಕು, ದೀಪದ ಬೆಳಕಿನ್ಯಾಗ."

ನಾನು ಹೇಳುವಷ್ಟು ಹೇಳಿದೆ. ಬೆಳಕು ಆಗದು, ಗಾಜು ಆಗದು, ಈ ಶೋಕೇಸಿನಲ್ಲಿ ತೇವ ನಿಲ್ಲದು ಎಂದೆ. ಗಿರಣಿಗೆ ಹೋಗುವ ಮುಂಚೆ ಹಾವನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ, ಬರುವಷ್ಟರಲ್ಲಿ ಅದು ಮತ್ತೆ ಖಾರಾ ಬನ್ನಿನ ಹಿಂದೆ ಇರುತ್ತಿತ್ತು. ಹೀಗೆ ದಿನಾ ಎತ್ತಿ ಇಳಿಸುವುದು ಇನ್ನೂ ಕೆಡುಕೆಂದು ಕೊನೆಗೆ ನಾನೇ ಸೋತೆ. ಬಿಸಿ ಚಾಪೆಯನ್ನಾದರೂ ಅದರಡಿಗೆ ಸೇರಿಸಿ, ನೀರು ಚಿಮುಕಿಸುತ್ತ, ಹಲ್ಲು ಕಡಿಯುತ್ತ ಇದ್ದೆ. ಗಂಡನಿಗೆ ಬುದ್ಧಿ ಹೇಳಿಸೋಣವೆಂದರೆ ಅವನು ಮಾಳಿಗೆಯಿಂದಲೇ, "ಅವ್ವ ಹೇಳಿದ್ರ ಸರಿನ ಇರತೈತಿ" ಎಂದು ಕೂಗಿದ. ಇವನೂ ಉಂಡೆ ಸುತ್ತಿಕೊಳ್ಳುವ ಜಾತಿ ಎಂದು ಅತ್ತೆ ಹೇಳಿದ್ದು ಸುಳ್ಳಲ್ಲ.

ಬಂಧುಬಳಗ ಬರತೊಡಗಿತು. ಹಡಗಲಿಯ ಚಿಕ್ಕತ್ತೆ ಮಲ್ಲಿಗೆಯ ಮಾಲೆ ತಂದು ಶೋಕೇಸಿಗೆ ಏರಿಸಿದಳು. ಹರಪನಹಳ್ಳಿಯವರು ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಶೋಕೇಸಿನ ಮುಂದೆಯೇ ಚಾಪೆ ಹಾಸಿ ತಿಂದರು. ಬಂದವರೆಲ್ಲ ಗಾಜು ಕುಟ್ಟುವವರೇ. "ತಲಿ ಎಲ್ಲೈತಿ? ಏಳಂತ ಹೇಳ್ರಿ ಅದಕ್ಕ." ನಾನು ಗಾಜಿನ ಮುಂದೆ ಅಡ್ಡ ನಿಂತು, "ನಿಮ್ಮ ಮನಿ ಕದ ಯಾರಾರ ದಿನಾ ಹಿಂಗ ಕುಟ್ಟಿದ್ರ ಹೊರಗ ಬರ್ತೀರೇನ್ರಿ?" ಎಂದು ಕೇಳಿ ಎಲ್ಲರ ಬಾಯಿಗೆ ಬಿದ್ದೆ. ಕೊಟ್ಟೂರಿನ ಗಿರಣಿಯ ಸೊಸೆಗೆ ಬಾಯಿ ಭಾಳ ಎಂಬ ಸುದ್ದಿ ಉಚ್ಚಂಗಿದುರ್ಗದವರೆಗೂ ಮುಟ್ಟಿತಂತೆ. ಮುಟ್ಟಲಿ.

ಊಟದ ದಿನ ಬಂತು. ಇಲಿಯನ್ನು ಹೆಪ್ಪು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಿದೆ. ಇಲಿಯ ಅಳತೆಯೂ ಸರಿಯಿತ್ತು. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಅಷ್ಟೇ ದಪ್ಪ. ಹಾವು ತಲೆಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಿತು. ಪಕ್ಕದಲ್ಲಿ ಸೆರಗು ಮೂಗಿಗೆ ಒತ್ತಿಕೊಂಡು ಕೂತಿದ್ದ ಅತ್ತೆ, "ತಿನ್ನವ್ವಾ, ನಾಚ್ಕೋಬ್ಯಾಡ. ಇದು ನಿನ್ನ ಮನೀನ ಅನ್ಕೊ" ಎಂದು ಉಪಚಾರ ಶುರುಮಾಡಿದಳು. ಬೀಗತಿ ಉಣ್ಣಲಿಲ್ಲ. ಮರುದಿನವೂ ಇಲ್ಲ, ಮುಂದಿನ ವಾರವೂ ಇಲ್ಲ.

ಅನಾಹುತ ಶುರುವಾದದ್ದು ಇಲ್ಲಿಂದ. ನಮ್ಮ ಕಡೆ ಬಂದವರು ಉಂಡ ಮೇಲೆಯೇ ಮನೆಯವರು ಉಣ್ಣುವುದು. ಅತ್ತೆ ಅದನ್ನು ಇನ್ನೂ ಉದ್ದಕ್ಕೆ ಎಳೆದಿದ್ದಾಳೆ. ಸಂಜೆ ದೀಪ ಹಚ್ಚಿದ ಮೇಲೆ ಸೂರಿನಡಿ ಇರುವ ಒಂದೊಂದು ಜೀವವನ್ನೂ ವಿಚಾರಿಸಿಕೊಂಡು ಬರುತ್ತಾಳೆ. "ಎಮ್ಮಿದು ಆತೇನು? ನಾಯಿದು ಆತೇನು? ಅಟ್ಟದ ಬೆಕ್ಕಿಗೆ ಹಾಲು ಇಟ್ರೇನು?" ಎಲ್ಲರದೂ ಆದ ಮೇಲೆಯೇ ಆಕೆಯ ರಾತ್ರಿಯೂಟ. ಒಂದು ಸಂಜೆ ಶೋಕೇಸಿನ ಮುಂದೆ ನಿಂತು, "ಬೀಗತೀದು ಆತೇನು?" ಎಂದಳು.

"ಇಲ್ರಿ. ಆದ್ರ ಆಕಿ ನಮ್ಮಂಗ ದಿನಾ ಉಣ್ಣಾಕಿ ಅಲ್ಲ, ಹತ್ತು ದಿನಕ್ಕೊಮ್ಮಿ."

"ಆ ಹತ್ತು ದಿನ ದಾಟಿ ಹೋದ್ವಲ್ಲ? ಉಪಾಸ ಇರೋ ಜೀವದ ಮುಂದ ಕುಂತು ನಾ ರೊಟ್ಟಿ ಮುರಿಲೇನು?" ಎಂದವಳೇ ತಾಟು ಬೋರಲು ಹಾಕಿಬಿಟ್ಟಳು.

ಸುಮ್ಮನೆ ಹೆದರಿಸುತ್ತಾಳೆ ಅಂದುಕೊಂಡೆ. ಮರುದಿನವೂ ತಾಟು ಬೋರಲು. ನಾನು ಹೊಸಪೇಟೆಗೆ ಫೋನು ಮಾಡಿದೆ. ಅವರು ನಕ್ಕು, "ಅದರ ತೂಕ ಇಳೀದಿದ್ರ ಚಿಂತಿ ಬ್ಯಾಡ್ರಿ, ಮೂರು ತಿಂಗಳು ಉಣ್ಣದಿದ್ರೂ ಅದಕ್ಕೇನೂ ಆಗಲ್ಲ" ಎಂದರು. ಅದಕ್ಕೆ ಆಗುವುದಿಲ್ಲ ಸ್ವಾಮಿ, ನಮ್ಮತ್ತೆಗೆ ಆಗುತ್ತದೆ! ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುತ್ತದೆಂದು ಡಾಕ್ಟರು ಎಷ್ಟು ಸಲ ಹೇಳಿಲ್ಲ.

ಸರಿ, ಉಪಾಯಕ್ಕೆ ಇಳಿದೆ. ಪ್ರಸಾದವನ್ನು ಅತ್ತೆ ಎಂದೂ ಒಲ್ಲೆ ಎನ್ನುವುದಿಲ್ಲ. ಸಂಜೆ ಗುಡಿಗೆ ಹೋಗಿ ಬಂದವಳಂತೆ ಮಾಡಿ, ಬಾಳೆಹಣ್ಣು, ಕೊಬ್ಬರಿ ಕೊಟ್ಟೆ. ತಿಂದಳು. ಮರುದಿನ ಒಂದು ಬಟ್ಟಲು ಅವಲಕ್ಕಿ. ಹುಬ್ಬು ಏರಿಸಿದಳು, ತಿಂದಳು. ನನಗೆ ಧೈರ್ಯ ಬಂದು ಮೂರನೆಯ ದಿನ ಉಳ್ಳಾಗಡ್ಡಿ ಹಾಕಿದ ಉಪ್ಪಿಟ್ಟನ್ನೇ ಎಲೆಯಲ್ಲಿ ಸುತ್ತಿ ತಂದೆ. ಅತ್ತೆ ಎಲೆ ಬಿಡಿಸಿ ನೋಡಿ, "ಯಾವ ದೇವ್ರಿಗೆ ಉಳ್ಳಾಗಡ್ಡಿ ಉಪ್ಪಿಟ್ಟು ಎಡಿ ಹಿಡೀತಾರವಾ? ನನಗೂ ಆ ಗುಡಿ ತೋರ್ಸು, ನಾನೂ ನಡಕೊಂತೀನಿ" ಎಂದಳು. ಆ ಬಾಗಿಲೂ ಮುಚ್ಚಿತು.

ಆಮೇಲೆ ಶುದ್ಧ ಸುಳ್ಳಿಗೆ ಕೈ ಹಾಕಿದೆ. ಅತ್ತೆ ಪೂಜೆಗೆ ಕೂತಾಗ ಇಲಿಯನ್ನು ಬೇವಿನ ಮರದ ಬುಡದಲ್ಲಿ ಹೂತು ಬಂದು, "ಅತ್ತೀ, ಬೀಗತಿ ಉಂಡ್ಲು! ಗುಳಕ್ಕನ ನುಂಗಿದ್ಲು ನೋಡ್ರಿ" ಎಂದು ಕುಣಿದೆ. ಅತ್ತೆ ಶೋಕೇಸನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

"ತಕ್ಕಡಿ ತಾ."

ಎಷ್ಟೋ ವರ್ಷ ಗಿರಣಿ ನಡೆಸಿದವಳು. ಯಾರ ಬಾಯಿಮಾತನ್ನೂ ನಂಬುವುದಿಲ್ಲ, ತಕ್ಕಡಿಯನ್ನು ಮಾತ್ರ ನಂಬುತ್ತಾಳೆ. ನಾನು ವಾರಕ್ಕೊಮ್ಮೆ ಬುಟ್ಟಿಯಲ್ಲಿಟ್ಟು ಹಾವನ್ನು ತೂಗುತ್ತಿದ್ದುದನ್ನು ಆಕೆ ಪಕ್ಕದಲ್ಲಿ ನಿಂತು ನೋಡಿ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು. ತೂಗಿದೆವು. ಮುಳ್ಳು ಒಂದು ಗೋಧಿಕಾಳಿನಷ್ಟೂ ಆಚೀಚೆ ಆಗಿರಲಿಲ್ಲ.

"ಇಲಿ ಎಲ್ಲಿ ಹೋತು?" ಎಂದಳು ಅತ್ತೆ ತಣ್ಣಗೆ. "ನೀ ತಿಂದ್ಯೇನು?"

ಮಾಳಿಗೆಯ ಮೇಲಿಂದ ನನ್ನ ಗಂಡ ಬಿದ್ದು ಬಿದ್ದು ನಗುವುದು ಕೇಳಿಸಿತು. ಆ ವಾರವೆಲ್ಲ ಅವನಿಗೆ ಸಪ್ಪನೆಯ ಸಾರು ಬಡಿಸಿದೆ.

ಅಷ್ಟರಲ್ಲಿ ತಂಬ್ರಹಳ್ಳಿಯಿಂದ ಅತ್ತೆಯ ತಮ್ಮ ಬಂದ. ಅಕ್ಕನ ಕತೆ ಕೇಳಿ ಹೊಲದಲ್ಲಿ ಬೋನಿಗೆ ಬಿದ್ದಿದ್ದ ಜೀವಂತ ಇಲಿಯನ್ನೇ ಹೊತ್ತು ತಂದಿದ್ದ. ನಾನು ಗಿರಣಿಯಲ್ಲಿದ್ದೆ. "ಐಸಿನಾಗ ಇಟ್ಟಿದ್ದನ್ನ ಯಾರು ತಿಂತಾರ? ತಾಜಾ ಹಾಕ್ಬೇಕು" ಎಂದು ಶೋಕೇಸಿನೊಳಗೆ ಬಿಟ್ಟುಬಿಟ್ಟಿದ್ದಾನೆ. ನಾನು ಬಂದು ನೋಡಿದರೆ ಬೀಗತಿ ಉಂಡೆಯಾಗಿ ಮುಖ ಮುಚ್ಚಿಕೊಂಡಿದ್ದಾಳೆ, ಇಲಿ ಆಕೆಯ ಬೆನ್ನೇರಿ ಕೂತು ಹಲ್ಲು ಹಚ್ಚುತ್ತಿದೆ! ಹಾವು ಇಲಿಯನ್ನು ತಿನ್ನುವುದಿರಲಿ, ಇಲಿಯೇ ಹಾವನ್ನು ತಿನ್ನುವಂತಿತ್ತು. ಹಸಿವಿಲ್ಲದ ಹಾವಿನ ಜೊತೆ ಜೀವಂತ ಇಲಿ ಬಿಟ್ಟರೆ ಹೀಗೇ ಆಗುವುದು, ಹೊಲದ ಇಲಿಯಾದರೆ ರೋಗದ ಭಯವೂ ಸೇರಿತು. ನಾನು ಇಕ್ಕಳ ಹಿಡಿದು ನುಗ್ಗಿದೆ. ಇಲಿ ನನ್ನ ಕೈ ಮೇಲೆಯೇ ಹಾರಿ ಒಳಮನೆಗೆ ಓಡಿತು. ಹಾವಿನ ಬೆನ್ನಿಗೆ ಸಣ್ಣ ಗೀರು ಬಿದ್ದಿತ್ತು, ತೊಳೆದು ಔಷಧಿ ಹಚ್ಚಿದೆ. ತಂಬ್ರಹಳ್ಳಿಯವನಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವನು ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದ. ಇಲಿ ಮಾತ್ರ ನಮ್ಮಲ್ಲೇ ಉಳಿಯಿತು. ಇನ್ನು ಅತ್ತೆ "ಇಲೀದು ಆತೇನು?" ಎಂದೂ ಕೇಳಬಹುದು ಎಂದು ಗಂಡ ಮಾಳಿಗೆಯಿಂದ ಕೂಗಿದ. ಸಪ್ಪನೆಯ ಸಾರು ಇನ್ನೊಂದು ವಾರ ಮುಂದುವರಿಯಿತು.

ನಗು ನಿಂತದ್ದು ಅದಾದ ಸ್ವಲ್ಪ ದಿನಕ್ಕೆ. ಸಂಜೆ ದೀಪ ಹಚ್ಚಿ ಬಂದ ಅತ್ತೆ, "ಎಮ್ಮಿದು ಆತೇನು? ನಾಯಿದು..." ಎನ್ನುತ್ತಿದ್ದವಳು ಮಾತು ಅಲ್ಲೇ ಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತಳು. ಮೈಯೆಲ್ಲ ಬೆವರು, ಕೈ ತಣ್ಣಗೆ, ಕಣ್ಣು ಎಲ್ಲೋ. ಸಕ್ಕರೆ ಕರಗಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಗಂಡ ಮಾಳಿಗೆಯಿಂದ ಹಾರಿಕೊಂಡೇ ಬಂದ, ಹಾವಿದ್ದ ಪಡಸಾಲೆಯನ್ನು ದಾಟಿಯೇ ಬಂದ. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣು ಅರಳಿಸಿ ನೋಡಿ, "ಯಾಕ ಹಿಂಗ ನಿಂತೀರಿ, ಹೆಣ ನೋಡಿದಂಗ?" ಎಂದಳು. ಡಾಕ್ಟರ ಮನೆಗೆ ಕರೆದುಕೊಂಡು ಹೋದೆವು. ಅವರು ಬೈದು ಕಳಿಸಿದರು. ಮನೆಗೆ ಬಂದು ತಾಟು ಇಟ್ಟರೆ, "ಡಾಕ್ಟರು ಹೇಳಿದ್ರು ಅಂತ ಎಲ್ಡ ಬಿಸ್ಕೀಟು ತಿಂತೀನಿ. ಊಟ ಮಾತ್ರ ಆಕಿ ಉಂಡ ಮ್ಯಾಲೆ" ಎಂದಳು.

ನನಗೆ ಉರಿದುಹೋಯಿತು. ಭಯಕ್ಕೆ ಬಂದ ಸಿಟ್ಟು ಅದು, ತಡೆಯಲು ಆಗಲಿಲ್ಲ.

"ಆಕಿ ಎಲ್ಲಿ ಉಣ್ಣಬೇಕ್ರಿ? ನೆಲದೊಳಗಿನ ಬಿಲದಾಗ, ಕತ್ಲಾಗ ಒಬ್ಬಾಕೀನ ಇರಾಕಿ. ಅಂಥಾಕೀನ ತಂದು ಬೆಳಕಿನ್ಯಾಗ ಕುಂದ್ರಿಸಿ, ಊರ ಮಂದಿ ಎಲ್ಲಾ ಬಾಯಿ ನೋಡ್ಕೋತ ಕುಂತು, ನೀವು ಮಗ್ಗಲಾಗ ನಿಂತು ತಿನ್ನು ತಿನ್ನು ಅಂದ್ರ ಯಾವ ಜೀವಕ್ಕ ಗಂಟ್ಲಾಗ ಇಳೀತೈತ್ರಿ? ನನಗ ಇಳೀತಿತ್ತೇನು? ನಾ ಈ ಮನಿಗೆ ಬಂದಾಗ ತಿಂಗಳಗಟ್ಲೆ ಹೊಟ್ಟಿ ತುಂಬ ಉಂಡೀನೇನು ಈ ಪಡಸಾಲ್ಯಾಗ?"

ಇಷ್ಟು ವರ್ಷ ಆಡದ ಮಾತು ಬಾಯಿಂದ ಜಾರಿಹೋಗಿತ್ತು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಸುಮ್ಮನೆ ಬಡಿದಾಡಿದೆ.

ಮರುದಿನ ಗಿರಣಿಯಿಂದ ಬಂದಾಗ ಶೋಕೇಸಿನಲ್ಲಿ ಹಾವಿರಲಿಲ್ಲ. ಅದರ ದೀಪಗಳು ಆರಿದ್ದವು, ಒಳಗೆ ಅತ್ತೆ ಹಪ್ಪಳ, ಸಂಡಿಗೆಯ ಡಬ್ಬಿಗಳನ್ನು ಜೋಡಿಸಿದ್ದಳು. 'ತಾಜಾ ಖಾರಾ ಬನ್' ಹಾಗೇ ಇತ್ತು. ಗಿರಣಿ ಕೋಣೆಗೆ ಓಡಿದೆ. ನನ್ನ ಪೆಟ್ಟಿಗೆ ಅದರ ಮೂಲೆಗೆ ಮರಳಿ ಬಂದಿತ್ತು. ನಾರಿನ ಪುಡಿ ಹೊಸದಾಗಿ ಒದ್ದೆಯಾಗಿತ್ತು, ಬಿಸಿ ಚಾಪೆ ತನ್ನ ತುದಿಗೆ ಬಂದಿತ್ತು, ಎರಡೂ ಗಡಿಗೆ ಬೋರಲು ಬಿದ್ದಿದ್ದವು. ಗವಾಕ್ಷಿಗೆ ಅತ್ತೆ ತನ್ನ ಹಳೆಯ ಸೀರೆ ಕಟ್ಟಿದ್ದಳು. ಮುಂದಿನ ಬಾಗಿಲಿಗೆ ಬಂದ ಯಾರನ್ನೋ, "ಬೀಗತಿ ಯಾರನ್ನೂ ಕಾಣೂದಿಲ್ರಿ, ಆಮ್ಯಾಲೆ ಬರ್ರಿ" ಎಂದು ಹಿಂದಕ್ಕೆ ಕಳಿಸುವುದು ಕೇಳಿಸಿತು. ಮನೆಗೆ ಬಂದವರನ್ನು ಆಕೆ ಹಾಗೆ ಕಳಿಸಿದ್ದು ನಾನು ಕಂಡಂತೆ ಅದೇ ಮೊದಲು.

ಕೆಲವು ದಿನ ಹಾವನ್ನು ಯಾರೂ ಕಾಡಲಿಲ್ಲ. ಅತ್ತೆ ಬಿಸ್ಕತ್ತು ತಿಂದುಕೊಂಡೇ ಇದ್ದಳು, ನಾನು ಅದನ್ನು ನೋಡಿ ಒಳಗೊಳಗೇ ಕುದಿಯುತ್ತಿದ್ದೆ. ಈ ಸಲವೂ ಹಾವು ಉಣ್ಣದಿದ್ದರೆ ಅದನ್ನು ಹೊಸಪೇಟೆಗೆ ವಾಪಸು ಮಾಡುವುದೆಂದು ಮನಸ್ಸಿನಲ್ಲೇ ಗಟ್ಟಿಮಾಡಿದ್ದೆ. ಅತ್ತೆಯನ್ನು ಕಳೆದುಕೊಂಡು ಹಾವು ಸಾಕುವಷ್ಟು ಹುಚ್ಚು ನನಗಿರಲಿಲ್ಲ. ಹಾಗೆಂದು ಯೋಚಿಸಿದಾಗಲೆಲ್ಲ ಅಳುವೂ ಬರುತ್ತಿತ್ತು.

ಕೊನೆಗೊಂದು ದಿನ ದೀಪ ಹಚ್ಚುವ ಹೊತ್ತಿಗೆ ಇಲಿ ಬೆಚ್ಚಗೆ ಮಾಡಿಕೊಂಡು ಗಿರಣಿ ಕೋಣೆಗೆ ಹೋದೆ. ಅತ್ತೆ ಬಾಗಿಲಲ್ಲೇ ನಿಂತಳು. ನಾನು ಗಡಿಗೆಯ ಬಾಯಿಯ ಮುಂದೆ ಇಲಿಯನ್ನು ತೆಂಗಿನ ಚಿಪ್ಪಿನಲ್ಲಿಟ್ಟು, ಮುಚ್ಚಳದ ಚಿಲಕ ಹಾಕಿ, ಅಲ್ಲೇ ಕುಕ್ಕರಗಾಲಲ್ಲಿ ಕಾಯುತ್ತ ಕೂತೆ.

"ಏಳು" ಎಂದಳು ಅತ್ತೆ ಪಿಸುದನಿಯಲ್ಲಿ. "ಇಟ್ಟಾಕಿ ಹಿಂದಕ್ಕ ನೋಡದಂಗ ಎದ್ದು ಬರ್ಬೇಕು. ಕದ ಎಳಕೊ. ನಾ ಹಂಗ ಬರ್ತಿದ್ದೆ."

"ನೀವು ಯಾವಾಗ ಇದಕ್ಕ ಇಟ್ಟೀರಿ?"

"ಇದಕ್ಕಲ್ಲ. ನಿನಗ."

ನನಗೆ ತಿಳಿಯಲಿಲ್ಲ. ಅತ್ತೆ ಗೋಡೆಯ ಗೂಡಿನ ಕಡೆ ಗದ್ದ ತೋರಿಸಿದಳು. ಬಲ್ಬು, ತಂತಿ, ಹಳೆಯ ಸ್ಪಾನರುಗಳ ನಡುವೆ ನೆಗ್ಗಿದ ಅಲ್ಯೂಮಿನಿಯಂ ಡಬ್ಬಿ ಇನ್ನೂ ಅಲ್ಲೇ ಇತ್ತು.

"ಅದು... ಮಾವನ ಬುತ್ತಿ ಅಲ್ಲೇನ್ರಿ?"

"ನಿಮ್ಮ ಮಾವ ಮನ್ಯಾಗ ಉಣ್ಣಾವ. ಹಿತ್ತಲ ದಾಟಿದ್ರ ಗಿರಣಿ, ಅವಗ ಬುತ್ತಿ ಯಾಕಬೇಕು?" ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ದಿನಾ ಮೆತ್ತನ್ನ ರೊಟ್ಟಿ, ಮ್ಯಾಲೆ ಶೇಂಗಾ ಚಟ್ನಿ. ಯಾವ ಕಳ್ಳಿಗೆ ಯಾರು ಚಟ್ನಿ ಇಟ್ಟು ಕೊಡ್ತಾರವಾ?"

ಇಷ್ಟು ವರ್ಷ ನಾನು ಹೆಮ್ಮೆಪಟ್ಟ ಕಳ್ಳತನವೆಲ್ಲ ಒಂದೇ ಮಾತಿಗೆ ಸುಳ್ಳಾಗಿ ಹೋಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಆಕೆ ನನ್ನ ತೋಳು ಹಿಡಿದು ಹೊರಗೆ ಎಳೆದು ಕದ ಮುಚ್ಚಿದಳು. "ಸುಮ್ಕ ಬಾ. ಪಡಸಾಲ್ಯಾಗ ಒಂದು ಬುದ್ಧಿ ಬರ್ತಿತ್ತು, ಹಿತ್ತಲಕ್ಕ ಬಂದ್ರ ಒಂದು. ನಿನ್ನ ಮಂದಿ ಮುಂದ ಕುಂದ್ರಿಸಿದಾಕೀನೂ ನಾನ, ಡಬ್ಬಿ ಇಟ್ಟಾಕೀನೂ ನಾನ. ಈಕಿ ಬಂದಾಗ ಅದನ್ನ ಮರೆತಿದ್ದೆ ನೋಡು."

ನನ್ನದೂ ಗಂಡನದೂ ಊಟ ಮುಗಿಯುವವರೆಗೆ ಆಕೆ ನನ್ನನ್ನು ಗಿರಣಿ ಕೋಣೆಯ ಕಡೆ ಬಿಡಲಿಲ್ಲ. ಆಮೇಲೆ ಅತ್ತೆ, ನಾನು ಇಬ್ಬರೂ ಹೋಗಿ ಕದ ಸರಿಸಿ, ಮುಚ್ಚಳ ಎತ್ತಿ, ಬ್ಯಾಟರಿಗೆ ಸೆರಗು ಅಡ್ಡ ಹಿಡಿದು ನೋಡಿದೆವು. ಚಿಪ್ಪು ಖಾಲಿಯಾಗಿತ್ತು. ಗಡಿಗೆಯೊಳಗಿನ ಸುತ್ತಿನಲ್ಲಿ ಒಂದು ಕಡೆ ಮೈ ಉಬ್ಬಿಕೊಂಡಿತ್ತು. ನಾನು ಅತ್ತೆಯ ಕೈ ಹಿಡಿದು ಹಿಸುಕಿದೆ. ಉಂಡ ಹಾವನ್ನು ಎರಡು ದಿನ ಮುಟ್ಟುವಂತಿಲ್ಲ, ತಕ್ಕಡಿ ಈಗ ಆಗದು ಎಂದು ಹೇಳುವವಳಿದ್ದೆ. ಆಕೆ ತಕ್ಕಡಿಯ ಮಾತೇ ಎತ್ತಲಿಲ್ಲ.

"ಬೀಗತೀದು ಆತು" ಎಂದಳು. "ನನಗ ಹಾಕು."

ಬೋರಲಿದ್ದ ತಾಟನ್ನು ನೆಟ್ಟಗಿಟ್ಟು, ರೊಟ್ಟಿ ಹಾಕಿ, ಪಲ್ಯ ಬಡಿಸಿ, ಎದುರಿಗೆ ಕೂತೆ. ಎಷ್ಟು ದಿನವಾಗಿತ್ತು ಆಕೆ ಆ ಹೊತ್ತಿನಲ್ಲಿ ತಾಟಿನ ಮುಂದೆ ಕೂತು! ಕಣ್ಣು ತುಂಬಿ ಬಂತು, ಆಕೆಯ ಬಾಯಿಯನ್ನೇ ನೋಡುತ್ತಿದ್ದೆ. ಅತ್ತೆ ರೊಟ್ಟಿ ಮುರಿಯಲು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಏನ್ ನೋಡಾಕತ್ತೀ ಬಾಯಿ? ನಾ ಏನು ಶೋಕೇಸಿನ್ಯಾಗ ಕುಂತೀನೇನು?"

ನಾನು ತಾಟಿನ ಪಕ್ಕದಲ್ಲಿ ಶೇಂಗಾ ಚಟ್ನಿಯ ಬಟ್ಟಲಿಟ್ಟು, ಹಿಂದಕ್ಕೆ ನೋಡದೆ ಎದ್ದು ಬಂದೆ.